ಅಂಗೈಯಗಲದ ಹಸಿರು

"ಒರೆಸಬೇಡ!" ಎಂದು ಪೇಂಟರ್ ಕೂಗುವಷ್ಟರಲ್ಲಿ ಹೆಂಡತಿ ಒರೆಸಿಯಾಗಿತ್ತು.

ಕಾಫಿ ಚೆಲ್ಲಿದ್ದು ಅವನೇ. ಬಲಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಆ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ನಡುಮನೆಯ ಕುರ್ಚಿಗೆ ಒರಗಿ ಲೋಟ ಹಿಡಿದು ಕೂತಿದ್ದಾಗ ಫೋನು ಬಂದಿತ್ತು. ಮಾತಾಡಿದವರು ದೊಡ್ಡ ಶಾಲೆಯ ಹೆಡ್‌ಮಿಸ್ಸು. "ಕಾಲಿಗೆ ಪೆಟ್ಟಾಗಿದೆಯಂತಲ್ಲ, ನೀವು ಬರೋದು ಬೇಡ. ನಾಳಿದ್ದು ಸಂಜೆ ನಾನೇ ಮನೆ ಹತ್ರ ಬರ್ತೀನಿ. ರಜದಲ್ಲಿ ಇಡೀ ಶಾಲೆಗೆ ಪೇಂಟ್ ಮಾಡಿಸ್ಬೇಕು, ಅದರ ಮಾತಾಡೋಣ" ಎಂದರು. ಇಡೀ ಶಾಲೆ! ಅಂಥ ಕೆಲಸ ಅವನ ಕೈಗೆ ಇದುವರೆಗೆ ಬಂದಿರಲಿಲ್ಲ. ಖುಷಿಯಲ್ಲಿ ಅವನು ದಡಕ್ಕನೆ ಏಳಲು ಹೋದ. ಕಾಲು ಏಳಲಿಲ್ಲ, ಕಾಫಿ ಎದ್ದಿತು. ಲೋಟದಿಂದ ಹಾರಿ ಪಕ್ಕದ ಗೋಡೆಗೆ ಬಡಿದು, ನಾಲ್ಕಾರು ದಾರಿ ಹಿಡಿದು ಕೆಳಗಿಳಿಯತೊಡಗಿತು.

ಹೆಂಡತಿ ಅಡುಗೆಮನೆಯಿಂದ ಒದ್ದೆ ಬಟ್ಟೆ ತಂದವಳೇ ಒಂದು ಸಲ ಎಳೆದಳು. ಕಾಫಿ ಹೋಯಿತು. ಕಾಫಿಯ ಜೊತೆಗೆ ಇನ್ನೂ ಏನೇನೋ ಹೋಗಿ, ಬೂದು ಬಣ್ಣದ ಗೋಡೆಯ ನಡುವೆ ಅಂಗೈಯಗಲದ ಜಾಗ ಎಳೆ ಚಿಗುರಿನ ಹಾಗೆ ಹಸಿರಾಗಿ ಹೊಳೆಯಿತು.

ಮೂವರೂ ಅದನ್ನೇ ನೋಡಿದರು. ಮಗಳು ಬೇರೆ ಊರಲ್ಲಿ ಹಾಸ್ಟೆಲಿನಲ್ಲಿ ಓದುತ್ತಿದ್ದುದರಿಂದ ಮನೆಯಲ್ಲಿ ಇದ್ದವರೇ ಮೂವರು.

"ನಮ್ಮನೆ ಗೋಡೆ ಹಸಿರಾ?" ಎಂದಳು ಕಿಟಕಿಯ ಪಕ್ಕದ ಮಂಚದಲ್ಲಿ ಕೂತಿದ್ದ ಅವನ ತಾಯಿ. "ನಾನು ಇಷ್ಟು ವರ್ಷದಿಂದ ಇದೇನಪ್ಪಾ ನನ್ನ ಮಗ ಬೂದಿ ಬಣ್ಣ ಬಳ್ದಿದಾನಲ್ಲ ಅಂತ ಬೇಜಾರು ಮಾಡ್ಕೊಂಡಿದ್ದೆ."

"ಅದಕ್ಕೇ ಒರೆಸಬೇಡ ಅಂದಿದ್ದು," ಎಂದು ಪೇಂಟರ್ ತಲೆಗೆ ಕೈ ಹಚ್ಚಿದ. "ಗೋಡೇನ ಒಂದು ಕಡೆ ಒರೆಸಿದ್ರೆ ಮುಗೀತು. ಉಳಿದಿದ್ದೆಲ್ಲ ಕೊಳೆ ಅಂತ ಅದೇ ಸಾರಿ ಹೇಳುತ್ತೆ. ಈಗ ಹೆಡ್‌ಮಿಸ್ಸು ಬಂದು ಮೊದಲು ನೋಡೋದೇ ಇದನ್ನ."

ಊರಿನ ಅರ್ಧ ಮನೆಗಳ ಗೋಡೆಗಳು ಅವನ ಕೈಯಲ್ಲಿ ಮಿರುಗಿದ್ದವು. ಸ್ವಂತ ಮನೆಯ ಮಾತು ಬಂದರೆ ಮಾತ್ರ, "ದಿನವೆಲ್ಲ ಬ್ರಷ್ ಹಿಡಿದು ಬಂದು ಮನೇಲೂ ಬ್ರಷ್ ಹಿಡೀಬೇಕಾ?" ಎಂದು ಮಗ್ಗುಲಾಗುತ್ತಿದ್ದ. ಬೆಳಗಾಗುತ್ತಲೇ ಹೋಗಿ ದೀಪ ಹಚ್ಚಿದ ಮೇಲೆ ಬರುವವನಿಗೆ ತನ್ನ ಮನೆಯ ಗೋಡೆಯನ್ನು ಹಗಲು ಬೆಳಕಲ್ಲಿ ನೋಡುವ ಯೋಗವೂ ಇರಲಿಲ್ಲ. ಏಣಿಯ ತುತ್ತತುದಿಯಲ್ಲಿ ಒಂಟಿಕಾಲಲ್ಲಿ ನಿಂತು ಬ್ರಷ್ ಆಡಿಸಿದರೂ ಎಂದೂ ಜಾರದವನು ಹೋದ ವಾರ ಮನೆಯ ಬಚ್ಚಲಲ್ಲಿ ಸೋಪಿನ ಚೂರು ತುಳಿದು ಬಿದ್ದಿದ್ದ. ಯಾರಾದರೂ ವಿಚಾರಿಸಿದರೆ "ಕೆಲಸ ಮಾಡ್ವಾಗ ಪೆಟ್ಟಾಯ್ತು" ಎನ್ನುತ್ತಿದ್ದ. "ಸ್ನಾನಾನೂ ಒಂದು ಕೆಲಸವೇ ಬಿಡು" ಎಂದು ಅವನ ತಾಯಿ ಮಂಚದಿಂದಲೇ ಸೇರಿಸುತ್ತಿದ್ದಳು.

"ಆ ಜಾಗಕ್ಕೆ ಒಂದು ಕ್ಯಾಲೆಂಡರ್ ನೇತು ಹಾಕು," ಎಂದ ಪೇಂಟರ್.

"ಹಾಕಿದ್ರೆ ಕ್ಯಾಲೆಂಡರಿನ ಸುತ್ತ ಇರೋ ಕೊಳೆ? ಅದಕ್ಕೂ ಒಂದು ಹಾಕೋಣ. ಮನೆ ತುಂಬ ತಾರೀಖೇ ಆಗ್ಲಿ," ಎಂದಳು ಹೆಂಡತಿ.

"ಹಂಗಾದ್ರೆ ಪೇಂಟ್ ಮಾಡ್ಬೇಕು."

"ಯಾರು? ನೀವು ಕುಂಟ್ಕೊಂಡಾ? ಅತ್ತೆಗೆ ಪೇಂಟಿನ ವಾಸನೆ ಬಡಿದ್ರೆ ಉಬ್ಬಸ ಶುರುವಾಗುತ್ತೆ, ಮರೆತ್ರಾ?" ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾನು ತೊಳೆದುಬಿಡ್ತೀನಿ."

ಪೇಂಟರನಿಗೆ ನಗು ತಡೆಯಲಾಗಲಿಲ್ಲ. "ಪಾತ್ರೆ ತೊಳೆದಂಗೆ ಅಂದ್ಕೊಂಡ್ಯಾ? ಗೋಡೆ ತೊಳೆಯೋದಕ್ಕೂ ಒಂದು ವಿದ್ಯೆ ಬೇಕು ಕಣೇ. ನಿನಗೇನು ಗೊತ್ತಾಗುತ್ತೆ."

"ಗೊತ್ತಿಲ್ಲ. ನಿಮಗೆ ಗೊತ್ತಲ್ಲ, ಹೇಳಿ."

ಹೀಗೆ ಕೇಳಿದರೆ ಯಾವ ಮೇಸ್ತ್ರಿಯಾದರೂ ಸುಮ್ಮನಿರುತ್ತಾನೆಯೇ? ಪೇಂಟರ್ ಕುರ್ಚಿಯಲ್ಲಿ ನೆಟ್ಟಗಾದ. ಸಾಮಾನುಗಳನ್ನೆಲ್ಲ ನಡುವಿಗೆ ಎಳೆಸಿದ. ಪೊರಕೆಗೆ ಒಣಬಟ್ಟೆ ಸುತ್ತಿಸಿ, ಸೂರಿನಿಂದ ಶುರುಮಾಡಿ ಜೇಡರ ಬಲೆ, ಧೂಳು ಎಲ್ಲವನ್ನೂ ಅವಳಿಂದ ಕೆಳಗಿಳಿಸಿದ. ಧೂಳಿರುವ ಗೋಡೆಗೆ ನೀರು ಸೋಕಿಸಿದರೆ ಕೆಸರಾಗುತ್ತದೆ ಎಂಬುದು ಮೊದಲ ಪಾಠ. ಕರೆಂಟಿನ ಮೇನ್ ಸ್ವಿಚ್ ಆರಿಸಲು ಹೇಳಿದ. ಬಾಗಿಲ ಹಿಂದೆ ಯಾರಿಗೂ ಕಾಣದ ಮೂಲೆಯಲ್ಲಿ ಮೊದಲು ಒರೆಸಿ, ಬಟ್ಟೆಗೆ ಬಣ್ಣ ಹತ್ತುತ್ತದೋ ನೋಡು ಎಂದ. ಹತ್ತಲಿಲ್ಲ. "ಹತ್ತಲ್ಲ. ಇದು ಡಿಸ್ಟೆಂಪರ್ ಅಲ್ಲ, ಒಳ್ಳೇ ಪೇಂಟು. ಡಿಸ್ಟೆಂಪರ್ ಆಗಿದ್ರೆ ಕೈಗೇ ಬರ್ತಿತ್ತು," ಎಂದು ತನ್ನ ಹಳೆಯ ಕೆಲಸವನ್ನು ತಾನೇ ಮೆಚ್ಚಿಕೊಂಡ.

ಅಷ್ಟು ಹೊತ್ತೂ ಎಲ್ಲ ಸುಸೂತ್ರವಾಗಿತ್ತು. ಅವಳು ಬಕೆಟ್ಟಿಗೆ ಹಿಡಿ ತುಂಬ ಸೋಪಿನ ಪುಡಿ ಸುರಿದಾಗ ಅವನು ಅರಚಿಕೊಂಡ.

"ಅಯ್ಯೋ! ಗೋಡೆಗೇನು ಕಂಬಳಿ ಒಗೆದಂಗೆ ಒಗೀತೀಯಾ? ಒಂದು ಚಿಟಿಕೆ ಸಾಕು! ಸೋಪು ಜಾಸ್ತಿಯಾದ್ರೆ ಅದನ್ನ ತೆಗೆಯೋಕೇ ಇನ್ನೊಂದು ದಿನ ಬೇಕು!"

ಆ ನೀರು ಚೆಲ್ಲಿ ಹೊಸ ನೀರು ಬಂತು. ಒಂದು ಬಕೆಟ್ಟಿನಲ್ಲಿ ತೆಳ್ಳಗಿನ ಸೋಪುನೀರು, ಇನ್ನೊಂದರಲ್ಲಿ ಬರೀ ನೀರು. ಅವಳು ಸ್ಟೂಲು ಹತ್ತಿ ಮೇಲಿನಿಂದ ಶುರುಮಾಡಿದಳು. ಮತ್ತೆ ಅರಚಾಟ.

"ಕೆಳಗಿಂದ! ಕೆಳಗಿಂದ ಮೇಲಕ್ಕೆ ಹೋಗ್ಬೇಕು!"

"ಧೂಳು ಮೇಲಿಂದ ಕೆಳಕ್ಕೆ ಅಂದ್ರಿ."

"ಧೂಳು ಬೇರೆ, ನೀರು ಬೇರೆ! ಒಣಗಿದ ಕೊಳೆ ಮೇಲೆ ಸೋಪುನೀರು ಇಳಿದ್ರೆ ಗೆರೆ ಬೀಳುತ್ತೆ, ಆಮೇಲೆ ಏನು ಮಾಡಿದ್ರೂ ಹೋಗಲ್ಲ. ಸ್ಪಂಜು ಹಿಂಡು! ಇನ್ನೂ ಹಿಂಡು! ತಿಕ್ಕಬೇಡ, ನೇವರಿಸು! ಆ ಮೂಲೆ ಬಿಟ್ಟೆ! ಕಣ್ಣು ಎಲ್ಲಿಟ್ಟಿದೀಯಾ?"

ಕಣ್ಣು ಎಲ್ಲಿತ್ತೋ, ಅವಳ ಕಿವಿಯಂತೂ ಕೆಂಪಾಗುತ್ತಿತ್ತು. ಮಂಚದಿಂದ ಬಚ್ಚಲಿನವರೆಗೆ ಸೊಂಟದೆತ್ತರಕ್ಕೆ ಗೋಡೆಯುದ್ದಕ್ಕೂ ಕಪ್ಪನೆಯ ಪಟ್ಟಿಯೊಂದು ಹೋಗಿತ್ತು. ಮುದುಕಿ ದಿನವೂ ಗೋಡೆ ಹಿಡಿದು ನಡೆದು ನಡೆದು ಮಾಡಿದ ಪಟ್ಟಿ ಅದು. ಅದರ ಮುಂದೆ ಬಂದು ಹೆಂಡತಿ ಸ್ಪಂಜು ಹಿಡಿದು ನಿಂತಳು.

"ಅತ್ತೆ, ಇದು ನಿಮ್ಮದು. ಒರೆಸ್ಲಾ?"

"ಅದು ನನ್ನ ರೋಡು," ಎಂದಳು ಮುದುಕಿ. ಸ್ವಲ್ಪ ಯೋಚಿಸಿ, "ಒರೆಸು ಒರೆಸು. ಹೊಸ ರೋಡು ಹಾಕ್ತೀನಿ. ಹಳೇದು ಅಲ್ಲಲ್ಲಿ ಡೊಂಕಾಗಿದೆ" ಎಂದಳು.

ಅತ್ತೆ ಸೊಸೆ ನಗತೊಡಗಿದರು. ನಗುವಿನಲ್ಲಿ ಸ್ಪಂಜಿನ ನೀರು ತೊಟ್ಟಿಕ್ಕಿ, ಅದೇ ತಾನೇ ಒರೆಸಿದ ಜಾಗದಲ್ಲಿ ಸಣ್ಣ ಗೆರೆ ಬಿತ್ತು.

"ನೋಡು! ಹಲ್ಲು ಕಿರಿಯೋದರಲ್ಲಿ ಕೆಲಸ ಹಾಳು! ಈ ಜನ್ಮದಲ್ಲಿ ನಿನಗೆ ಇದು ಬರಲ್ಲ!"

ಅವಳು ನೆಟ್ಟಗೆ ಬಂದು ಒದ್ದೆ ಸ್ಪಂಜನ್ನು ಅವನ ತೊಡೆಯ ಮೇಲಿಟ್ಟಳು. ಎರಡೂ ಬಕೆಟ್ಟುಗಳನ್ನು ಎಳೆದು ಅವನ ಕುರ್ಚಿಯ ಪಕ್ಕಕ್ಕೆ ತಂದಳು. ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬಿಟ್ಟಳು.

"ಎಲ್ಲಿಗೆ?" ಎಂದ ಪೇಂಟರ್, ಬಾಗಿಲಿಗೆ.

"ಎಲ್ಲಿಗಾದ್ರೂ," ಎಂದಿತು ಬಾಗಿಲು.

ಸ್ವಲ್ಪ ಹೊತ್ತು ಅವನು ಗುರ್ ಎಂದು ಕೂತ. ಆಮೇಲೆ, ಇದೇನು ಬ್ರಹ್ಮವಿದ್ಯೆಯೇ ಎಂದುಕೊಂಡು ಕುರ್ಚಿಯನ್ನು ಗೋಡೆಗೆ ಜರುಗಿಸಿ, ಕೈಗೆಟಕುವಷ್ಟು ಜಾಗವನ್ನು ತಾನೇ ತಿಕ್ಕತೊಡಗಿದ. ಜೀವಮಾನವೆಲ್ಲ ಗೋಡೆ ತೊಳೆದವನೇ ಅವನು. ಆದರೆ ತೊಳೆದದ್ದೆಲ್ಲ ಮೇಲೆ ಹೊಸ ಬಣ್ಣ ಬಳಿಯುವುದಕ್ಕೆ. ಕೆಳಗಿನ ಬಣ್ಣ ಉಳಿದರೇನು, ಹೋದರೇನು? ಉಳಿಸುವುದಕ್ಕಾಗಿ ತೊಳೆದು ಆ ಕೈಗೆ ಅಭ್ಯಾಸವೇ ಇರಲಿಲ್ಲ. ಎಣ್ಣೆಯ ಕಲೆಯೊಂದು ಕಂಡಿತು, ಬಲವಾಗಿ ಉಜ್ಜಿದ. ಕಲೆ ಹೋಯಿತು. ಇನ್ನೂ ಸ್ವಲ್ಪ ಉಜ್ಜಿದ. ಹಸಿರೂ ಹೋಯಿತು. ಒಳಗಿನ ಬಿಳಿ ಸುಣ್ಣ ಬೋಳು ತಲೆಯ ಹಾಗೆ ಇಣುಕಿತು.

ಅವನು ಗಾಬರಿಯಿಂದ ತಾಯಿಯ ಕಡೆ ನೋಡಿದ. ಅವಳು ಎಲ್ಲವನ್ನೂ ನೋಡುತ್ತ ಕೂತಿದ್ದಳು.

"ಚಿಕ್ಕೋನಿದ್ದಾಗ್ಲೂ ಹಂಗೇ," ಎಂದಳು. "ಗಾಯದ ಹಕ್ಕಳೆ ಬಿಡ್ತಾನೇ ಇರ್ಲಿಲ್ಲ."

ಹೆಂಡತಿ ಎದುರುಮನೆಯವರ ಮೆಟ್ಟಿಲಲ್ಲಿ ಕೂತು ಒಂದು ಲೋಟ ಚಹಾ ಕುಡಿದು, ಅಷ್ಟರಲ್ಲಿ ಕೋಪವೂ ಆರಿ ವಾಪಸು ಬಂದಳು. ಬಂದವಳ ಕಣ್ಣು ಸೀದಾ ಆ ಬೋಳಿನ ಮೇಲೆ ಹೋಯಿತು.

"ಇದು ಯಾರು ಮಾಡಿದ್ದು?"

ಪೇಂಟರ್ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದನ್ನು ನೋಡುತ್ತಿದ್ದ.

"ಬೆಕ್ಕು ಬಂದಿತ್ತು," ಎಂದಳು ಅವನ ತಾಯಿ. "ದೊಡ್ಡ ಬೆಕ್ಕು. ಕಾಲಿಗೆ ಪ್ಲಾಸ್ಟರ್ ಹಾಕ್ಕೊಂಡಿತ್ತು."

ಹೆಂಡತಿ ನಗಬಾರದೆಂದು ತುಟಿ ಕಚ್ಚಿದಳು, ಆಗಲಿಲ್ಲ. ಪೇಂಟರನಿಗೂ ಆಗಲಿಲ್ಲ. ನಕ್ಕು ಸುಸ್ತಾದ ಮೇಲೆ ಅವಳು ಸ್ಪಂಜು ಎತ್ತಿಕೊಂಡು, "ಇನ್ಮೇಲೆ ನಾನು ಕೇಳಿದ್ರೆ ಮಾತ್ರ ಹೇಳಿ" ಎಂದಳು. ಅವನು ತಲೆಯಾಡಿಸಿದ.

ಬಾಯಿ ಮುಚ್ಚಿ ಕೂತ ಮೇಲೆ ಅವನಿಗೆ ಕಣ್ಣು ಕಾಣತೊಡಗಿತು. ಅವಳ ಕೈ ಹಗುರ. ಮಗುವಿನ ಮುಖ ಒರೆಸುವ ಹಾಗೆ, ಎಲ್ಲಿ ಎಷ್ಟು ಒತ್ತಬೇಕೋ ಅಷ್ಟೇ ಒತ್ತುತ್ತಿತ್ತು. ಒಂದು ತೋಳಗಲ ಸೋಪುನೀರು, ಹಿಂದೆಯೇ ಬರೀ ನೀರು, ಅದರ ಹಿಂದೆಯೇ ಹಳೇ ಟವೆಲು. ನೀರು ಕಪ್ಪಾಗುವ ಮೊದಲೇ ಚೆಲ್ಲಿ ಹೊಸದು ತರುತ್ತಿದ್ದಳು. ಅಡುಗೆಮನೆಯ ಜಿಡ್ಡಿಗೆ ಏನು ಮಾಡಲಿ ಎಂದು ಕೇಳಿದಳು. ಅಡುಗೆ ಸೋಡಾ ನೀರಲ್ಲಿ ಕಲಸಿ ಹಚ್ಚಿ ಸ್ವಲ್ಪ ಹೊತ್ತು ಬಿಡು ಎಂದ. ಸ್ವಿಚ್ಚುಗಳ ಸುತ್ತ ಸ್ಪಂಜು ಹೋಗುವುದಿಲ್ಲವಲ್ಲ ಎಂದು ಅವನು ಒಳಗೊಳಗೇ ಚಡಪಡಿಸುತ್ತಿರುವಾಗ, ಅವಳು ಕೇಳದೆಯೇ ಒಳಗೆ ಹೋಗಿ ಅವನ ಹಳೆಯ ಕಾಲುಚೀಲಗಳನ್ನು ತಂದು ಕೈಗೆ ತೊಟ್ಟುಕೊಂಡಳು. ಬೆರಳಿನಿಂದಲೇ ಸಂದಿ, ಮೂಲೆ, ಬಾಗಿಲ ಚೌಕಟ್ಟಿನ ಅಂಚು ಎಲ್ಲ ಸಲೀಸಾಗಿ ಒರೆಸಿಬಿಟ್ಟಳು.

"ಇದನ್ನ ಎಲ್ಲಿ ಕಲಿತೆ?" ಎಂದ, ತಡೆಯಲಾರದೆ.

"ನಿಮ್ಮ ಕಾಲುಚೀಲ ಒಗೆದೂ ಒಗೆದೂ."

ಮರುದಿನ ಕಿಟಕಿಯ ಗೋಡೆಯ ಸರದಿ. ಸ್ಪಂಜು ಎದೆಯೆತ್ತರಕ್ಕೆ ಬಂದಾಗ ಕಡು ಹಸಿರಿನ ತೆಳ್ಳನೆಯ ಗೆರೆಯೊಂದು ಎದ್ದಿತು. ಅವಳು ಒರೆಸುತ್ತ ಹೋದಂತೆ ಗೆರೆಯೂ ಜೊತೆಗೆ ಹೋಯಿತು, ಕಿಟಕಿಯನ್ನು ಸುತ್ತು ಹಾಕಿ ಆ ಮೂಲೆಯವರೆಗೆ, ಎಲ್ಲೂ ಅಲುಗದೆ, ಎಲ್ಲೂ ದಪ್ಪವಾಗದೆ. ಇಬ್ಬರೂ ಅದನ್ನು ಮರೆತೇಬಿಟ್ಟಿದ್ದರು. ಮದುವೆಯಾದ ಹೊಸತರಲ್ಲಿ ಎಳೆದ ಗೆರೆ ಅದು. ಅಂದು ಪೇಂಟರ್ ಅಡಿಪಟ್ಟಿಯನ್ನೂ ಹಿಡಿಯದೆ, ದಾರವನ್ನೂ ಕಟ್ಟದೆ ಬರಿಗೈಯಲ್ಲಿ ಎಳೆದಿದ್ದ.

"ನೀವು ಎಳೆಯೋವಾಗ ನನಗೆ ಉಸಿರಾಡ್ಬೇಡ ಅಂದಿದ್ರಿ," ಎಂದಳು ಅವಳು.

"ಆಡಿದ್ಯಾ?"

"ಕದ್ದು ಕದ್ದು ಆಡಿದೆ."

ಪೇಂಟರ್ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ.

ಅದರ ಮರುದಿನ ಸಂಜೆ ಹೆಡ್‌ಮಿಸ್ಸು ಬರುವ ಹೊತ್ತಿಗೆ ಮನೆಗೆ ಇನ್ನೊಂದು ಕೋಣೆ ಸೇರಿ ದೊಡ್ಡದಾದ ಹಾಗಿತ್ತು. ಗೋಡೆಯ ಬೋಳು ಜಾಗ ಮರೆಯಾಗುವ ಹಾಗೆ ಕುರ್ಚಿ ಹಾಕಿಸಿಕೊಂಡು, ಪೇಂಟರ್ ಇಸ್ತ್ರಿ ಅಂಗಿ ತೊಟ್ಟು ಕೂತಿದ್ದ. ಹೆಡ್‌ಮಿಸ್ಸು ಎತ್ತರದ ಹೆಂಗಸು, ದಪ್ಪ ಕನ್ನಡಕ. ಒಳಗೆ ಕಾಲಿಟ್ಟವರು ಕೂರಲೇ ಇಲ್ಲ. ಮಕ್ಕಳ ಉಗುರು ನೋಡುವವರಂತೆ ಗೋಡೆಯನ್ನು ಹತ್ತಿರದಿಂದ ನೋಡಿದರು. ಬೆರಳಾಡಿಸಿದರು. ಮೂಗನ್ನೂ ಹತ್ತಿರ ಒಯ್ದರು.

"ತುಂಬ ಚೆನ್ನಾಗಿದೆ. ಯಾವಾಗ ಮಾಡಿದ್ರಿ? ಪೇಂಟಿನ ವಾಸನೇನೇ ಇಲ್ವಲ್ಲ?"

ಪೇಂಟರನ ಬಾಯಿಯಲ್ಲಿ ಉತ್ತರ ತಯಾರಾಗಿ ಕೂತಿತ್ತು: ಹೋದ ತಿಂಗಳು ಮಾಡಿದ್ದು ಮೇಡಂ, ಹೊಸ ಥರದ ಪೇಂಟು, ವಾಸನೆ ಬರಲ್ಲ. ಅಷ್ಟು ಅಂದರೆ ಸಾಕು, ಶಾಲೆ ಕೈಗೆ ಬಂದ ಹಾಗೆ. ಅವನು ಬಾಯಿ ತೆರೆದ. ಅದೇ ಹೊತ್ತಿಗೆ ಹೆಂಡತಿ ಕಾಫಿ ತಂದು ಹೆಡ್‌ಮಿಸ್ಸಿಗೆ ಲೋಟ ಕೊಟ್ಟಳು. ನೀರಲ್ಲಿ ನೆಂದೂ ನೆಂದೂ ಅವಳ ಬೆರಳ ತುದಿಗಳು ಸುಕ್ಕುಗಟ್ಟಿ ಬೆಳ್ಳಗಾಗಿದ್ದವು.

"ಪೇಂಟ್ ಮಾಡಿಲ್ಲ ಮೇಡಂ," ಎಂದುಬಿಟ್ಟ. "ತೊಳೆದಿದ್ದು. ಇವಳು ತೊಳೆದಿದ್ದು. ಪೇಂಟು ಹಳೇದೇ."

ಹೆಡ್‌ಮಿಸ್ಸು ಕನ್ನಡಕ ಸರಿಮಾಡಿಕೊಂಡರು. "ಹಳೇದು ಅಂದ್ರೆ?"

"ನಮ್ಮ ಮಗಳಿಗಿಂತ ಹಳೇದು," ಎಂದಳು ಹೆಂಡತಿ.

ಆಮೇಲೆ ಅವರು ಪೇಂಟರನ ಕಡೆ ತಿರುಗಲೇ ಇಲ್ಲ. ಏನು ಹಾಕಿದ್ರಿ, ಎಷ್ಟು ಹೊತ್ತು ಹಿಡೀತು, ಪೆನ್ಸಿಲ್ ಗೀಚಿದ್ದು ಹೋಗುತ್ತಾ, ಇಂಕು ಹೋಗುತ್ತಾ ಎಂದು ಅವಳನ್ನೇ ಕೇಳತೊಡಗಿದರು. ಮೊದಮೊದಲು ಅವಳು ಪ್ರತಿ ಪ್ರಶ್ನೆಗೂ ಗಂಡನ ಮುಖ ನೋಡಿ ಉತ್ತರ ಕೊಟ್ಟಳು. ಇಂಕಿನ ಹೊತ್ತಿಗೆ ನೋಡುವುದನ್ನು ಬಿಟ್ಟಿದ್ದಳು.

"ಹಂಗಾದ್ರೆ," ಎಂದರು ಹೆಡ್‌ಮಿಸ್ಸು ಕೊನೆಗೆ, ಲೋಟ ಕೆಳಗಿಡುತ್ತ, "ನಾನು ಶಾಲೆಗೆ ಪೇಂಟ್ ಯಾಕೆ ಮಾಡಿಸ್ಲಿ?"

ಪೇಂಟರ್ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದ, ಅದೂ ಪ್ಲಾಸ್ಟರ್ ಹಾಕಿಸಿಕೊಂಡ ಕಾಲಿನ ಮೇಲೆ.

"ಅದನ್ನ ನೋಡ್ದೆ ಹೇಳೋಕಾಗಲ್ಲ ಮೇಡಂ," ಎಂದಳು ಹೆಂಡತಿ. "ಕೆಲವು ಗೋಡೆ ತೊಳೆಯೋಕೆ ಬರುತ್ತೆ, ಕೆಲವು ಬರಲ್ಲ. ಡಿಸ್ಟೆಂಪರ್ ಆಗಿದ್ರೆ ಕೈಗೇ ಬರುತ್ತೆ."

"ಸರಿ. ಸೋಮವಾರ ಬಂದು ನೋಡಿ."

"ಇವರು ನಡೆಯೋಕೆ ಸ್ವಲ್ಪ ಕಷ್ಟ…"

"ಇವರಲ್ಲ. ನೀವು," ಎಂದು ಹೆಡ್‌ಮಿಸ್ಸು ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟರು.

ಅವರು ಹೋದ ಮೇಲೆ ಹೆಂಡತಿ ಖಾಲಿ ಲೋಟ ಹಿಡಿದುಕೊಂಡೇ ನಿಂತಿದ್ದಳು. ಅವಳ ಮುಖ ಅರಳುವುದೋ ಬಾಡುವುದೋ ತಿಳಿಯದೆ ನಡುವೆ ನಿಂತಿತ್ತು.

"ಬೇಡ ಅಂದ್ಬಿಡ್ಲಾ?" ಎಂದಳು.

ಪೇಂಟರ್ ಗಲ್ಲ ಕೆರೆದುಕೊಂಡ. ಎರಡು ಅಂತಸ್ತಿನ ಶಾಲೆಯೊಂದು, ಅದರ ಉದ್ದನೆಯ ಕಾರಿಡಾರು, ಹೊಸ ಬ್ರಷ್ಷುಗಳು, ಡಬ್ಬಗಳು, ಎಲ್ಲವೂ ಅವನ ಕಣ್ಣ ಮುಂದೆ ಸಾಲಾಗಿ ನಡೆದು ಬಾಗಿಲಾಚೆ ಹೋದವು. ಅವಳು ಇನ್ನೂ ಅವನನ್ನೇ ನೋಡುತ್ತಿದ್ದಳು. ಹೀಗೆ ಏನನ್ನಾದರೂ ಕೇಳಿ ಅವಳು ಕಾದು ನಿಂತದ್ದು ಅವನಿಗೆ ನೆನಪಿರಲಿಲ್ಲ. ಅವಳು ಕೇಳಿಯೇ ಇರಲಿಲ್ಲವೋ, ತಾನು ಗಮನಿಸಿಯೇ ಇರಲಿಲ್ಲವೋ.

"ಎರಡು ಬಕೆಟ್ಟು ಸಾಲಲ್ಲ," ಎಂದ. "ಅಷ್ಟು ದೊಡ್ಡ ಶಾಲೆಗೆ."

"ಏನಂದ್ರಿ?"

"ಬಕೆಟ್ಟು ಸಾಲಲ್ಲ ಅಂದೆ. ಇನ್ನೊಂದಿಬ್ಬರು ಹೆಂಗಸರೂ ಬೇಕಾಗ್ತಾರೆ. ಎದುರುಮನೆಯವಳನ್ನ ಕೇಳು, ಚೂಟಿ ಇದಾಳೆ."

"ನನ್ನ ಹಳೇ ಟವೆಲ್ಲೂ ತಗೊಂಡು ಹೋಗಮ್ಮಾ," ಎಂದಳು ಮುದುಕಿ ಮಂಚದಿಂದ. "ನನ್ನನ್ನ ಮಾತ್ರ ಕರೀಬೇಡ. ಇಲ್ಲಿ ನನಗೆ ರೋಡಿನ ಕೆಲಸ ಇದೆ."

ಸೋಮವಾರ ಅವಳು ಹೋಗಿ ಶಾಲೆಯನ್ನೆಲ್ಲ ಸುತ್ತಿ, ಪ್ರತಿ ಕೋಣೆಯ ಬಾಗಿಲ ಹಿಂದೆ ಒದ್ದೆ ಬಟ್ಟೆಯಿಂದ ಒರೆಸಿ ನೋಡಿ ಬಂದಳು. ಕಾರಿಡಾರುಗಳು, ಮೇಲಿನ ಅಂತಸ್ತು, ಸ್ಟಾಫ್ ರೂಮು ತೊಳೆಯುವುದಕ್ಕೆ ಬರುತ್ತಿದ್ದವು. ಕೆಳಗಿನ ಸಾಲಿನ ತರಗತಿಗಳಲ್ಲಿ ಬಣ್ಣ ಬಟ್ಟೆಗೇ ಬಂದಿತ್ತು. "ಇವು ನಮ್ಮ ಮನೆಯವರದ್ದು," ಎಂದು ಹೆಡ್‌ಮಿಸ್ಸಿಗೆ ಹೇಳಿದ್ದಳಂತೆ, "ಕಾಲು ಸರಿಹೋದ ಮೇಲೆ ಬರ್ತಾರೆ." ಅದನ್ನು ಕೇಳಿ ಪೇಂಟರ್, ಕೆಲಸ ಗಿಟ್ಟಿಸಿಕೊಟ್ಟ ಮೇಸ್ತ್ರಿಯನ್ನು ನೋಡುವ ಹಾಗೆ ಅವಳನ್ನು ನೋಡಿದ. ಆಮೇಲೆ, ಮನೆಯಲ್ಲಿ ಕೂತು ಬೇಜಾರು ಎಂಬ ನೆಪ ತೆಗೆದು ತಾನೂ ಬರುತ್ತೇನೆಂದ.

ಕೆಲಸ ಶುರುವಾದ ದಿನ ರಜದ ಶಾಲೆ ಖಾಲಿ ಖಾಲಿಯಾಗಿತ್ತು. ಮೂವರು ಹೆಂಗಸರು ತಲೆಗೆ ಬಟ್ಟೆ ಕಟ್ಟಿ, ಕೈಗೆ ಕಾಲುಚೀಲ ತೊಟ್ಟು ಕಾರಿಡಾರಿನ ಒಂದು ತುದಿಯಿಂದ ಶುರುಮಾಡಿದ್ದರು. ಪೇಂಟರನಿಗೆ ಒಂದನೇ ತರಗತಿಯ ಗಿಡ್ಡ ಕುರ್ಚಿ ಸಿಕ್ಕಿತ್ತು. ಅದರಲ್ಲಿ ಕೂತು, ಪ್ಲಾಸ್ಟರಿನ ಕಾಲನ್ನು ಮುಂದಕ್ಕೆ ಚಾಚಿ, ಬಕೆಟ್ಟುಗಳಿಗೆ ಸೋಪುನೀರು ಬೆರೆಸುವುದು ಅವನ ಪಾಲಿನ ಕೆಲಸ. ಅತ್ತ ಗೋಡೆಯ ಮೇಲೆ ಕೆನೆಬಣ್ಣ ಮೆಲ್ಲಮೆಲ್ಲನೆ ಮುಂದಕ್ಕೆ ಸರಿಯುತ್ತಿತ್ತು. ಅವನಿಗೆ ಏನೇನೋ ಹೇಳಬೇಕೆನ್ನಿಸುತ್ತಿತ್ತು. ಯಾರೂ ಕೇಳದೆ ಇದ್ದುದರಿಂದ ಹೇಳಲಿಲ್ಲ.

"ಸೋಪು ಸ್ವಲ್ಪ ಜಾಸ್ತಿಯಾಗಿದೆ ಕಣ್ರೀ," ಎಂದಳು ಹೆಂಡತಿ ಒಂದು ಸಲ, ಬಕೆಟ್ಟಿಗೆ ಕೈ ಅದ್ದಿ. ಉಳಿದ ಇಬ್ಬರು ಹೆಂಗಸರು ಮುಖ ಆಚೆ ತಿರುಗಿಸಿ ನಕ್ಕರು. ಪೇಂಟರ್ ಇನ್ನಷ್ಟು ನೀರು ಬೆರೆಸಿದ.

ಬಿಸಿಲು ಇಳಿಯುವ ಹೊತ್ತಿಗೆ ಕೈಗೆಟಕುವುದೆಲ್ಲ ಮುಗಿದು ಮೇಲಿನ ಭಾಗ ಉಳಿಯಿತು. ಜವಾನ ಶಾಲೆಯ ಮರದ ಏಣಿಯನ್ನು ತಂದು ಗೋಡೆಗೆ ಒರಗಿಸಿ ಹೋದ. ಎದುರುಮನೆಯವಳು ಹತ್ತಲು ಹೆದರಿದಳು. ಹೆಂಡತಿ ಸೀರೆಯನ್ನು ಬಿಗಿಯಾಗಿ ಎತ್ತಿ ಕಟ್ಟಿಕೊಂಡು, ಸ್ಪಂಜನ್ನು ಸೊಂಟಕ್ಕೆ ಸಿಕ್ಕಿಸಿ, ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಪೇಂಟರ್ ಗಿಡ್ಡ ಕುರ್ಚಿಯನ್ನು ಕಿರ್ರೆನ್ನಿಸುತ್ತ ಎಳೆದುಕೊಂಡು ಬಂದು ಏಣಿಯ ಬುಡಕ್ಕೆ ಕೂತ. ಎರಡೂ ಕೈಯಿಂದ ಅದರ ಕಾಲುಗಳನ್ನು ಹಿಡಿದ. ಅವಳು ಹತ್ತುತ್ತ ಹೋದಳು, ಮೇಲೆ ನಿಂತಳು, ಸ್ಪಂಜು ಹಿಂಡಿದ ಸದ್ದಾಯಿತು. ಅವನು ಕತ್ತೆತ್ತಲಿಲ್ಲ. ಅವಳ ಕೈ ಗೋಡೆಯ ಮೇಲೆ ಆಡಿದಾಗಲೆಲ್ಲ ಮರದೊಳಗಿಂದ ಸಣ್ಣ ಅಲುಗಾಟವೊಂದು ಇಳಿದು ಬಂದು ಅವನ ಅಂಗೈಗೆ ತಾಕುತ್ತಿತ್ತು. ಅವನು ಬೆರಳುಗಳನ್ನು ಸಡಿಲಿಸಿ, ಒಂದು ಗೇಣು ಮೇಲಕ್ಕೆ ಸರಿಸಿ, ಮತ್ತೆ ಗಟ್ಟಿಯಾಗಿ ಹಿಡಿದುಕೊಂಡ.